ಹತ್ತು ಸಿನಿಮಾ ಕೇಳಿದ ಅಳಿಯನಿಗೆ

ಚಿ. ಪುಟ್ಟುವಿಗೆ ಚಳ್ಳಕೆರೆಯಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿಮ್ಮ ಮಾವನ ಮಂಡಿನೋವು ಇದ್ದಂತೆಯೇ ಇದೆ. ಮಳೆ ಒಂದು ಹದ ಬಿದ್ದು ಆಮೇಲೆ ಮುಖ ತೋರಿಸಿಲ್ಲ. ಮೊಳಕಾಲ್ಮುರಿನಿಂದ ನಿಮ್ಮಪ್ಪ ಫೋನು ಮಾಡಿದ್ದ. ಮಗ್ಗದ ಮೇಲೆ ಒಂದು ಸೀರೆ ಇದೆ, ಮುಗಿಸಿ ಬರುತ್ತೇನೆ ಅಂದ.

ಮೊನ್ನೆ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಗೆಳೆಯರೆಲ್ಲ ಸೇರಿ ಒಂದು ಕಿರುಚಿತ್ರ ಮಾಡಬೇಕೆಂದಿದ್ದೀವಿ, ಅದಕ್ಕೆ ಮುಂಚೆ ನೋಡಲೇಬೇಕಾದ ಹತ್ತು ಸಿನಿಮಾ ಯಾವುವು ಅಂತ ಬರೆದು ಕಳಿಸು ಅತ್ತೆ ಎಂದದ್ದು ಒಂದು. ಹಳೇವು ಜಾಸ್ತಿ ಹಾಕಬೇಡ, ಬಹಳ ಎಳೀತವೆ, ನಾನಂತೂ ಒಂದೂವರೆ ಪಟ್ಟು ಸ್ಪೀಡಿನಲ್ಲಿಟ್ಟು ನೋಡೋದು ಎಂದದ್ದು ಇನ್ನೊಂದು. ಮೊದಲನೆಯದಕ್ಕೆ ಖುಷಿಯಾಯಿತು. ಎರಡನೆಯದಕ್ಕೆ ನಗು ಬಂತು. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ಅತ್ತೆ, ಹೂಂ ಅತ್ತೆ’ ಅಂತ ಇನ್ನೇನೋ ನೋಡುತ್ತಿರುತ್ತೀಯ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಹತ್ತರ ಪಟ್ಟಿ ನನ್ನಿಂದ ಆಗುವುದಿಲ್ಲ ಕಣೋ. ನಾನು ವಿಮರ್ಶಕಿಯಲ್ಲ. ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ತಿದ್ದಿಸಿ ನಿವೃತ್ತಳಾದವಳು. ಸಿನಿಮಾ ನೋಡುವುದು ಅಡುಗೆ ಮುಗಿದ ಮೇಲೆ, ಸೊಪ್ಪು ಬಿಡಿಸುತ್ತಾ, ಟಿ.ವಿ.ಯಲ್ಲಿ ಯಾವುದು ಬಂದರೆ ಅದನ್ನು. ಅಂಥವಳ ಅಭಿಪ್ರಾಯ ಬೇಕಿದ್ದರೆ ಮುಂದೆ ಓದು.

ನಮ್ಮ ಕಾಲದಲ್ಲಿ ಮೊಳಕಾಲ್ಮುರಿನಂಥ ಊರಿಗೆ ಸಿನಿಮಾ ಅಂದರೆ ಟೆಂಟು. ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ. ಹೆಂಗಸರಿಗೆ ಒಂದು ಪಕ್ಕ, ಗಂಡಸರಿಗೆ ಇನ್ನೊಂದು ಪಕ್ಕ. ಘಂಟಸಾಲ ಅವರ ವೆಂಕಟೇಶನ ಹಾಡು ಮೈಕಿನಲ್ಲಿ ಕೇಳಿಸಿತೆಂದರೆ ಇನ್ನೇನು ಶುರುವಾಯಿತು ಎಂದು ಲೆಕ್ಕ. ಉಣ್ಣುತ್ತಿದ್ದವರು ಕೈ ತೊಳೆದು ಓಡುತ್ತಿದ್ದರು. ಒಂದೇ ಪ್ರೊಜೆಕ್ಟರ್ ಇದ್ದದ್ದರಿಂದ ರೀಲು ಬದಲಾಯಿಸುವಾಗಲೆಲ್ಲ ಇಂಟರ್‌ವಲ್. ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಎಷ್ಟೋ ಊರು ಸುತ್ತಿ ಪ್ರಿಂಟಿನ ತುಂಬ ಗೀರು ಬಿದ್ದಿರುತ್ತಿದ್ದವು. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡದ್ದು ನಾನು ಕಾಣೆ.

ಇನ್ನೊಂದು ಮಾತು. ನಮ್ಮದು ಗಡಿನಾಡು. ಆಚೆಗೆ ರಾಯದುರ್ಗ, ಕಲ್ಯಾಣದುರ್ಗ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲೆತದ್ದು. ಹೀಗಾಗಿ ಟೆಂಟಿನಲ್ಲಿ ಒಂದು ವಾರ ರಾಜಕುಮಾರ್ ಇದ್ದರೆ ಮರುವಾರ ಎನ್.ಟಿ. ರಾಮರಾವ್. ಡಬ್ಬಿಂಗ್ ಬೇಕೋ ಬೇಡವೋ ಎಂದು ರಾಜಧಾನಿಯಲ್ಲಿ ದಶಕಗಟ್ಟಲೆ ಜಗಳವಾಯಿತು. ನಮಗೆ ಅದರ ಬಿಸಿಯೇ ತಟ್ಟಲಿಲ್ಲ, ಎರಡೂ ಭಾಷೆ ನೇರವಾಗಿ ಕಿವಿಗೆ ಬೀಳುತ್ತಿದ್ದವು. 1957ರ ‘ಮಾಯಾಬಜಾರ್’ ಅನ್ನು ಇವತ್ತಿಗೂ ಟಿ.ವಿ.ಯಲ್ಲಿ ಹಾಕಿದರೆ ನಾನು ಎದ್ದು ಹೋಗುವುದಿಲ್ಲ. ಎಸ್.ವಿ. ರಂಗಾರಾವ್ ಅವರ ಘಟೋತ್ಕಚ ಊಟಕ್ಕೆ ಕೂರುವ ದೃಶ್ಯಕ್ಕೆ ಯಾವ ಗ್ರಾಫಿಕ್ಸೂ ಸಾಟಿಯಿಲ್ಲ. ‘ಬಾಹುಬಲಿ’ಯ ಸೈನ್ಯ ಎಷ್ಟು ಲಕ್ಷವೋ ನನಗೆ ನೆನಪಿಲ್ಲ, ಆ ಒಬ್ಬ ಘಟೋತ್ಕಚನ ನಗು ನೆನಪಿದೆ.

ರಾಜಕುಮಾರ್ ನಾಯಕನಾಗಿ ಬಂದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಅದೇ ಕಥೆಯನ್ನು ಅದೇ ನಿರ್ದೇಶಕರು, ಅದೇ ನಾಯಕ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ಮಾಡಿದರು. ಬೇಡನೊಬ್ಬ ತನ್ನ ಕಣ್ಣು ಕಿತ್ತು ಶಿವನಿಗೆ ಕೊಡುವ ಕಥೆ. ಬೇಡ ನಾಯಕ ಜನಾಂಗವೇ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಅದನ್ನು ಬರೀ ಪುರಾಣ ಎಂದು ನೋಡಿದವರಿಲ್ಲ. ಬೇಟೆಯಾಡುವವನ ಎಂಜಲು ಮಾಂಸವನ್ನೂ ದೇವರು ಒಪ್ಪಿಕೊಂಡ ಎಂಬುದು ಪರದೆಯ ಮೇಲೆ ಕಂಡದ್ದು ಇಲ್ಲಿಯವರಿಗೆ ಸಣ್ಣ ಸಂಗತಿಯಲ್ಲ. ಈಗ ನೋಡಿದರೆ ಮಾತುಗಳು ನಾಟಕದ ಮಾತಿನಂತೆಯೇ ಇವೆ. ಎಲ್ಲರೂ ಪ್ರೇಕ್ಷಕರ ಕಡೆ ಮುಖಮಾಡಿ ನಿಲ್ಲುತ್ತಾರೆ. ನಟರೆಲ್ಲ ಕಂಪನಿ ನಾಟಕದಿಂದಲೇ ಬಂದವರು, ಇನ್ನು ಹೇಗಿರಬೇಕಿತ್ತು? ಅದನ್ನು ಸಹಿಸಿಕೊಂಡು ನೋಡು. ಕಣ್ಣಪ್ಪನ ಮುಗ್ಧತೆಯನ್ನು ಆ ಹೊಸ ಹುಡುಗ ಎಲ್ಲಿಂದ ತಂದ ಎಂದು ಆಶ್ಚರ್ಯವಾಗುತ್ತದೆ.

ಈಗ ‘ನಾಗರಹಾವು’ ವಿಚಾರಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಚಿತ್ರದುರ್ಗ ಜಿಲ್ಲೆಯವಳು ಸಿನಿಮಾ ಬಗ್ಗೆ ಬರೆಯುವುದು ಹೇಗೆ?

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆಯಲ್ಲಿ ಮನೆಗೆ ಹೋಗುವಾಗ ತಳುಕು ಸಿಗುತ್ತದಲ್ಲ, ನೀನು ಬಸ್ಸಿನಲ್ಲಿ ಮಲಗಿಯೇ ದಾಟಿಬಿಡುವ ಊರು, ಅದೇ ಕಾದಂಬರಿಕಾರ ತ.ರಾ. ಸುಬ್ಬರಾಯರ ಹೆಸರಿನ ಮೊದಲ ಅಕ್ಷರ. ಕುವೆಂಪು ಅವರ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರೂ ಅಲ್ಲಿಯವರೇ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಆ ಚಿತ್ರ ಮಾಡಿದರು. ಬಿಡುಗಡೆಯಾದದ್ದು 1972ರ ಕೊನೆಯಲ್ಲಿ. ವಿಷ್ಣುವರ್ಧನ್ ರಾಮಾಚಾರಿಯಾಗಿ ನಾಯಕನಾದದ್ದು, ಅಂಬರೀಷ್ ಜಲೀಲನಾಗಿ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ಇದೆಲ್ಲ ನಿನಗೂ ಗೊತ್ತು. ನೀನು ಗಮನಿಸಬೇಕಾದದ್ದು ಬೇರೆ.

ದುರ್ಗದ ಬಂಡೆಗಳನ್ನು ಪುಟ್ಟಣ್ಣ ಹೇಗೆ ನೋಡಿದ್ದಾರೆ, ಅದನ್ನು ನೋಡು. ಅವರು ಈ ಕಡೆಯವರಲ್ಲ. ಪಿರಿಯಾಪಟ್ಟಣದ ಹತ್ತಿರದ ಕಣಗಾಲಿನವರು, ಹಸಿರು ಸೀಮೆಯವರು. ಆದರೂ ಬರಿಗಲ್ಲಿನ ಬೆಟ್ಟವೊಂದು ಸಿಟ್ಟಿನ ಹುಡುಗನ ಮೈಯಂತೆ ಕಾಣಬಲ್ಲದು ಎಂದು ಕಂಡುಕೊಂಡರು. ರಾಮಾಚಾರಿ ಬಂಡೆಯ ಮೇಲೆ ಒಬ್ಬನೇ ನಿಂತಾಗ ಕಥೆ ಹೇಳಲು ಮಾತೇ ಬೇಕಿಲ್ಲ. ಓಬವ್ವನ ಹಾಡನ್ನೇ ತೆಗೆದುಕೊ. ಕೆಲವೇ ನಿಮಿಷಗಳಲ್ಲಿ ಜಯಂತಿ ಊಟಕ್ಕೆ ಬಡಿಸುತ್ತಾರೆ, ನೀರಿಗೆ ಹೋಗುತ್ತಾರೆ, ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವುದನ್ನು ಕಾಣುತ್ತಾರೆ, ಒನಕೆ ಹಿಡಿಯುತ್ತಾರೆ. ಅಷ್ಟರಲ್ಲಿ ಒಂದು ಇಡೀ ಕಥೆ ಮುಗಿದಿರುತ್ತದೆ. ಕಿರುಚಿತ್ರ ಮಾಡುವವರಿಗೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿದೆ? ಹಳೇವು ಎಳೀತವೆ ಅಂದೆಯಲ್ಲ, ಗಡಿಯಾರ ಇಟ್ಟುಕೊಂಡು ನೋಡು.

ವೇಗದ ಮಾತು ಬಂತಲ್ಲ. ಅದೇ ಚಿತ್ರದಲ್ಲಿ ರಾಮಾಚಾರಿಯೂ ಅವನು ಪ್ರೀತಿಸುವ ಅಲಮೇಲುವೂ ಇರುವ ಒಂದು ಹಾಡನ್ನು ಪುಟ್ಟಣ್ಣ ಸ್ಲೋ ಮೋಷನ್‌ನಲ್ಲಿ ತೆಗೆದಿದ್ದಾರೆ. ನೀನು ಒಂದೂವರೆ ಪಟ್ಟು ಓಡಿಸಿದರೆ ಆ ಹುಡುಗಿ ಬಸ್ಸು ತಪ್ಪಿಸಿಕೊಂಡವಳ ಹಾಗೆ ನಡೆಯುತ್ತಾಳೆ ಅಷ್ಟೆ.

ಎಲ್ಲ ಚೆನ್ನಾಗಿದೆ ಎಂದು ಹೇಳಲಾರೆ. ಮೇಷ್ಟರ ಕೆಲಸ ಮಾಡಿದವಳಾಗಿ ನನಗೆ ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರ ಮೇಲೆ ತಕರಾರಿದೆ. ಕೆ.ಎಸ್. ಅಶ್ವಥ್ ಅಭಿನಯ ನೋಡಿ ಕಣ್ಣೀರು ಹಾಕದವರಿಲ್ಲ, ನಾನೂ ಹಾಕಿದ್ದೇನೆ. ಆದರೆ ಯೋಚನೆ ಮಾಡು. ಜಾತಿ ಬೇರೆ ಎಂದು ಅಲಮೇಲುವನ್ನು ಬಿಡು ಎಂದವರು ಅವರೇ. ಆ ಹುಡುಗಿಯ ಬಾಳು ಎಲ್ಲಿಗೆ ಹೋಗಿ ನಿಂತಿತು? ಆಮೇಲೆ ಅವನು ಮೆಚ್ಚಿದ ಮಾರ್ಗರೆಟ್ ವಿಷಯದಲ್ಲೂ ಮತ್ತದೇ ಉಪದೇಶ. ಶಿಷ್ಯನ ಮೇಲಿನ ಪ್ರೀತಿಯನ್ನು ಊರಿನ ಮರ್ಯಾದೆಗೆ ಒತ್ತೆಯಿಟ್ಟ ಗುರು ಅವರು. ನಾವು ಅವರನ್ನು ಆದರ್ಶ ಮೇಷ್ಟ್ರು ಎಂದು ಭಾಷಣಗಳಲ್ಲಿ ಹೊಗಳುತ್ತಲೇ ಇದ್ದೇವೆ. ಸಿನಿಮಾ ಅವರನ್ನು ಬರೀ ಹೊಗಳುತ್ತಿಲ್ಲ ಎಂದೇ ನನ್ನ ಅಭಿಪ್ರಾಯ. ಕೊನೆಯಲ್ಲಿ ಬೆಟ್ಟದ ಮೇಲೆ ಆಗುವುದನ್ನು ನೋಡಿದರೆ ಗೊತ್ತಾಗುತ್ತದೆ. ಒಳ್ಳೆಯವರ ಒಳ್ಳೆಯತನವೇ ಮಕ್ಕಳ ಕುತ್ತಿಗೆಗೆ ಬರುವುದುಂಟು ಎಂದು ಒಂದು ಜನಪ್ರಿಯ ಚಿತ್ರ ಆ ಕಾಲದಲ್ಲೇ ಹೇಳಿತಲ್ಲ, ಅದಕ್ಕೆ ನನ್ನ ನಮಸ್ಕಾರ. 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಅದು ಮತ್ತೆ ಬಿಡುಗಡೆಯಾದಾಗಲೂ ಜನ ಸೇರಿದ್ದು ಸುಮ್ಮನೆ ಅಲ್ಲ.

ತ.ರಾ.ಸು. ಅವರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲವಂತೆ. ನನ್ನ ನಾಗರಹಾವನ್ನು ಕೆರೆಹಾವು ಮಾಡಿದರು ಎಂದು ಬೇಸರಪಟ್ಟುಕೊಂಡರು ಎನ್ನುವ ಮಾತು ಪ್ರಸಿದ್ಧ. ಬರೆದವರ ಸಂಕಟ ಅದು, ನಿಜ. ಆದರೆ ಅವರ ಕಾದಂಬರಿಗಳ ಬೆನ್ನು ಹತ್ತಿ ಎಷ್ಟು ಜನ ಬಂದರು ನೋಡು. 1964ರ ‘ಚಂದವಳ್ಳಿಯ ತೋಟ’, 1967ರ ‘ಚಕ್ರತೀರ್ಥ’, ಪುಟ್ಟಣ್ಣನವರ ಕೊನೆಯ ಚಿತ್ರ ‘ಮಸಣದ ಹೂವು’, 1993ರಲ್ಲಿ ನಾಗಾಭರಣರ ‘ಆಕಸ್ಮಿಕ’. ತಳುಕಿನ ಒಂದು ಮನೆತನದ ಲೇಖನಿಯಿಂದ ಅಷ್ಟು ಚಿತ್ರ.

ಅದರಲ್ಲೂ ಅವರ ‘ಹಂಸಗೀತೆ’ ಕಾದಂಬರಿ. ಅರಸನ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡ ದುರ್ಗದ ಸಂಗೀತಗಾರನ ಕಥೆ. ಅದನ್ನು ಮೊದಲು ಸಿನಿಮಾ ಮಾಡಿದ್ದು ಹಿಂದಿಯವರು, 1956ರ ‘ಬಸಂತ್ ಬಹಾರ್’. ಶಂಕರ್ ಜೈಕಿಶನ್ ಸಂಗೀತ, ಭೀಮಸೇನ ಜೋಶಿ ಮತ್ತು ಮನ್ನಾ ಡೇ ಎದುರು ಬದುರು ಹಾಡಿದ ಹಾಡು, ಎಲ್ಲ ಸೊಗಸು. ದುರ್ಗ ಮಾತ್ರ ಮಾಯ. ಕಥೆಯನ್ನು ಉತ್ತರದ ದರ್ಬಾರಿಗೆ ಒಯ್ದರು. ಹಾಡು ಉಳಿಯಿತು, ಬಂಡೆ ಹೋಯಿತು. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಕನ್ನಡಕ್ಕೆ ತಂದಾಗ ದುರ್ಗವನ್ನೂ ತಂದರು. ಅನಂತನಾಗ್ ಭೈರವಿ ವೆಂಕಟಸುಬ್ಬಯ್ಯನಾಗಿ ನಟಿಸಿದರು. ಬಾಲಮುರಳಿಕೃಷ್ಣ ಅವರಿಗೆ ಆ ಚಿತ್ರದ ಗಾಯನಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಅದು ನಿಧಾನವಾದ ಚಿತ್ರ, ಒಪ್ಪುತ್ತೇನೆ. ಆದರೆ ರಾಗವನ್ನು ಒಂದೂವರೆ ಪಟ್ಟು ಓಡಿಸಿದರೆ ರಾಗ ಉಳಿಯುತ್ತದೆಯೇ? ಒಬ್ಬ ಮನುಷ್ಯ ಒಂದು ವಿದ್ಯೆಗಾಗಿ ವರ್ಷಗಟ್ಟಲೆ ಕಾಯುವುದನ್ನು ತೋರಿಸಬೇಕಾದರೆ ನೋಡುವವನೂ ಸ್ವಲ್ಪ ಕಾಯಬೇಕು. ಕಾಯುವುದು ಬೇಡವೆಂದರೆ ಆ ಚಿತ್ರ ನೋಡಬೇಡ, ಓಡಿಸಿ ನೋಡಬೇಡ.

ಹಳೆಯದೆಲ್ಲ ಬಂಗಾರ ಎನ್ನುವವಳು ನಾನಲ್ಲ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಹೆಂಗಸಿಗೆ ಅಳುವುದೇ ಕೆಲಸ. ಕಥೆ ಒಂದು ಕಡೆ ನಡೆಯುತ್ತಿದ್ದರೆ ಹಾಸ್ಯದವರು ಇನ್ನೊಂದು ಕಡೆ ತಮ್ಮ ಪಾಡಿಗೆ ಕೂಗಾಡುತ್ತಿರುತ್ತಾರೆ. ಹಳ್ಳಿ ಅಂದರೆ ತೆಂಗಿನ ತೋಟ, ಕಾಲುವೆ ನೀರು, ಭತ್ತದ ಗದ್ದೆ. ‘ಬಂಗಾರದ ಮನುಷ್ಯ’ ಬಂದ ಕಾಲದಲ್ಲಿ ನಮ್ಮವರೆಲ್ಲ ಅದನ್ನು ನೋಡಿ ಮೆಚ್ಚಿದರು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, 1972. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಹೋದ ಯುವಕರಿದ್ದಾರೆ ಎಂದು ಹೇಳುತ್ತಾರೆ. ನಾನೂ ಅದನ್ನು ಪ್ರೀತಿಸುತ್ತೇನೆ. ಆದರೆ ಚಳ್ಳಕೆರೆ ತಾಲ್ಲೂಕಿನವಳಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ಮನುಷ್ಯ ದುಡಿದರೆ ಭೂಮಿ ಕೊಟ್ಟೇ ಕೊಡುತ್ತದೆ ಎಂಬ ಮಾತು ನೀರಿರುವ ಕಡೆಯದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ನಮ್ಮದೂ ಒಂದು. ಇಲ್ಲಿಯ ರೈತ ಆ ಚಿತ್ರದ ನಾಯಕ ರಾಜೀವನಿಗಿಂತ ಕಡಿಮೆ ದುಡಿದವನಲ್ಲ. ಶೇಂಗಾ ಬಿತ್ತಿ, ಮುಗಿಲು ನೋಡಿ, ಸಾಲ ಮಾಡಿ ಬೋರು ಕೊರೆಸಿ ಧೂಳು ಕಂಡವನು. ಎಣ್ಣೆ ಮಿಲ್ಲುಗಳ ಊರೆಂದು ಹೆಸರಾದ ಚಳ್ಳಕೆರೆಯ ಹಿಂದೆ ಅಂಥವರ ಬೆವರಿದೆ. ಅವನ ಕಥೆಯಲ್ಲಿ ದುಡಿಮೆ ಗೆಲ್ಲುವುದೇ ಇಲ್ಲ, ಆದರೂ ಮರುವರ್ಷ ಬಿತ್ತುತ್ತಾನೆ. ಅವನ ಚಿತ್ರವನ್ನು ಯಾರು ಮಾಡುತ್ತಾರೆ?

ಸ್ವಲ್ಪ ಹತ್ತಿರಕ್ಕೆ ಬಂದದ್ದು ಎಂ.ಎಸ್. ಸತ್ಯು ಅವರ ‘ಬರ’. ಅನಂತಮೂರ್ತಿಯವರ ಕಥೆ, ಅನಂತನಾಗ್ ಜಿಲ್ಲಾಧಿಕಾರಿ. ಬರ ಅಂದರೆ ಬಿರುಕು ಬಿಟ್ಟ ನೆಲ, ಸತ್ತ ದನ ಎಂದಷ್ಟೇ ಅವರು ತೋರಿಸಲಿಲ್ಲ. ಬರಪೀಡಿತ ಎಂದು ಜಿಲ್ಲೆಯನ್ನು ಘೋಷಿಸುವುದರ ಹಿಂದಿನ ರಾಜಕೀಯ, ಧಾನ್ಯ ಬಚ್ಚಿಡುವ ವ್ಯಾಪಾರಿ, ಒಳ್ಳೆಯದು ಮಾಡಹೊರಟ ಅಧಿಕಾರಿಯೇ ಗಲಭೆಯ ನಡುವೆ ಸಿಕ್ಕಿಕೊಳ್ಳುವುದು, ಇವನ್ನೆಲ್ಲ ತೋರಿಸಿದರು. ಬರಗಾಲದಲ್ಲಿ ಶಾಲೆಯ ಹಾಜರಿ ಪುಸ್ತಕ ಹಿಡಿದು ಕೂತವಳಿಗೆ, ಗುಳೆ ಹೋದ ಮಕ್ಕಳ ಹೆಸರಿನ ಮುಂದೆ ಗೈರು ಎಂದು ಬರೆದವಳಿಗೆ, ಅದು ಕಥೆ ಅನ್ನಿಸಲಿಲ್ಲ. ಆ ಚಿತ್ರ ನಮ್ಮ ಟೆಂಟಿಗೆ ಬರಲೇ ಇಲ್ಲ ಎಂಬುದು ಇನ್ನೊಂದು ಮಾತು. ಪ್ರಶಸ್ತಿ ಚಿತ್ರಗಳನ್ನು ನಾವು ನೋಡಿದ್ದು ದೂರದರ್ಶನದ ದಯೆಯಿಂದ.

ಹೆಂಗಸರ ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತ್ರಿವೇಣಿಯವರ ಕಾದಂಬರಿಯ ‘ಶರಪಂಜರ’ 1971ರದ್ದು. ಬಾಣಂತನದ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಗೆ ಹೋಗಿ, ವಾಸಿಯಾಗಿ ಮನೆಗೆ ಬಂದ ಕಾವೇರಿ. ಕಲ್ಪನಾ ಸ್ವಲ್ಪ ಹೆಚ್ಚೇ ಅಭಿನಯಿಸುತ್ತಾರೆ ಎಂದು ನೀನು ಹೇಳಬಹುದು. ಇರಲಿ. ವಾಸಿಯಾದವಳನ್ನು ಮನೆಯವರು ಹುಚ್ಚಿ ಎಂದೇ ನೋಡುತ್ತಾರಲ್ಲ, ಆ ನೋಟವೇ ಅವಳನ್ನು ಮತ್ತೆ ಹುಚ್ಚಿಯಾಗಿಸುತ್ತದೆ. ಟೆಂಟಿನ ಹೆಂಗಸರ ಪಕ್ಕದಲ್ಲಿ ಆ ದಿನ ಅತ್ತವರಿಗೆಲ್ಲ ಅವರವರ ಕಾರಣಗಳಿದ್ದವು. 2018ರಲ್ಲಿ ಮಂಸೋರೆ ಅವರ ‘ನಾತಿಚರಾಮಿ’ ಬಂತು. ಗಂಡ ಸತ್ತ ಹುಡುಗಿಯೊಬ್ಬಳ ದೇಹದ ಬಯಕೆಯ ಬಗ್ಗೆ ಅದು ತಲೆತಗ್ಗಿಸದೆ ಮಾತಾಡಿತು. ನಮ್ಮ ಕಾಲದಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈ ಎರಡನ್ನೂ ಒಂದರ ಹಿಂದೆ ಒಂದು ನೋಡು. ಐವತ್ತು ವರ್ಷದಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಯಾವ ಪಾಠಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ಇನ್ನು ಹೊಸಬರು. ‘ತಿಥಿ’ ನನಗೆ ಬಹಳ ಹಿಡಿಸಿತು. ರಾಮ್ ರೆಡ್ಡಿ ನಿರ್ದೇಶಕ. ಜೊತೆಗೆ ಬರೆದವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡ. ಆ ಊರಿನಲ್ಲೇ, ಎಂದೂ ನಟಿಸದ ಜನರನ್ನೇ ಹಾಕಿಕೊಂಡು ತೆಗೆದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಬಂತು. ಸೆಂಚುರಿ ಗೌಡ ಸಾಯುತ್ತಾನೆ, ಮಗ ಗಡ್ಡಪ್ಪನಿಗೆ ಅದರ ಚಿಂತೆಯಿಲ್ಲ, ಮೊಮ್ಮಗನಿಗೆ ಜಮೀನಿನ ಚಿಂತೆ, ಮರಿಮಗನಿಗೆ ಹುಡುಗಿಯ ಚಿಂತೆ. ಯಾರಿಗೂ ದುಃಖವಿಲ್ಲ, ಆದರೂ ಯಾರೂ ಕೆಟ್ಟವರಲ್ಲ. ಅದರಲ್ಲಿ ಹೊಲದಲ್ಲಿ ಬೀಡುಬಿಟ್ಟ ಕುರಿಗಾರರ ಸಂಸಾರವೊಂದಿದೆ. ಬೇಸಗೆಯಲ್ಲಿ ನಮ್ಮ ಕಡೆಯಿಂದ ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಗೆ ಹೋಗುವವರು ಅಂಥವರೇ. ಅವರನ್ನು ಕಂಡು ‘ಅಯ್ಯೋ, ನಮ್ಮವರು!’ ಅಂದೆ. ಆದರೆ ಕ್ಯಾಮೆರಾ ಇದ್ದದ್ದು ಗದ್ದೆಯವರ ಕಡೆ. ಕುರಿಗಾರರು ಕಥೆಯೊಳಕ್ಕೆ ಬಂದು ಹೋದರು.

‘ಕಾಂತಾರ’ವನ್ನು 2022ರಲ್ಲಿ ಇಲ್ಲಿಯ ಜನ ಮುಗಿಬಿದ್ದು ನೋಡಿದರು. ರಿಷಬ್ ಶೆಟ್ಟಿ ತಮ್ಮೂರಾದ ಕೆರಾಡಿಯಲ್ಲೇ ತೆಗೆದದ್ದು. ಕೊನೆಯ ಅರ್ಧ ಗಂಟೆ ಮೈ ನಡುಗಿತು, ಸುಳ್ಳು ಹೇಳಲಾರೆ. ನಮ್ಮ ಗೌರಸಮುದ್ರದ ಮಾರಮ್ಮನ ಜಾತ್ರೆ ಕಂಡವರಿಗೆ ಮೈದುಂಬುವುದು ಹೊಸದಲ್ಲ. ಕರಾವಳಿಯ ದೈವ ಗೊತ್ತಿಲ್ಲದಿದ್ದರೂ ನಮಗೆ ಅರ್ಥವಾಯಿತು. ಆದರೆ ನಾಯಕ ನಾಯಕಿಯ ಸೊಂಟ ಚಿವುಟಿದಾಗ ಥಿಯೇಟರಿನಲ್ಲಿ ಶಿಳ್ಳೆ ಬಿತ್ತಲ್ಲ, ಅದು ನನಗೆ ಸೇರಲಿಲ್ಲ. ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಸೇರಿದ ಹುಡುಗಿ, ಊರಿಗೂ ಸರ್ಕಾರಕ್ಕೂ ನಡುವೆ ಸಿಕ್ಕಿಕೊಂಡವಳು, ಅವಳ ಕಥೆಯೇ ಒಂದು ಚಿತ್ರಕ್ಕಾಗುವಷ್ಟಿತ್ತು. ಅವಳನ್ನು ಮೂಲೆಗೆ ಸರಿಸಿಬಿಟ್ಟರು.

‘ಕೆಜಿಎಫ್’ ಎರಡು ಭಾಗವನ್ನೂ ನೀನೇ ತೋರಿಸಿದೆ. ತಾಯಿಗೆ ಕೊಟ್ಟ ಮಾತಿನ ಭಾಗ ಚೆನ್ನಾಗಿದೆ. ಕನ್ನಡ ಚಿತ್ರವೊಂದನ್ನು ದೇಶವೆಲ್ಲ ನೋಡಿತು ಎಂಬ ಹೆಮ್ಮೆ ನನಗೂ ಇದೆ. ಆದರೆ ಗಣಿಯಲ್ಲಿ ದುಡಿಯುವ ಅಷ್ಟು ಸಾವಿರ ಜನರಲ್ಲಿ ಒಬ್ಬರ ಮುಖವಾದರೂ ನಿನಗೆ ನೆನಪಿದೆಯೇ? ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕೆಲಸ ಕಳೆದುಕೊಂಡ ಸಂಸಾರಗಳು ಈಗಲೂ ಅಲ್ಲಿವೆ, ದಿನಾ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುವವರಿದ್ದಾರೆ. ಊರಿನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು, ಊರು ಗೊತ್ತಾಗಲಿಲ್ಲ. ಆ ಚಿತ್ರಕ್ಕೆ ಅದು ಬೇಕಿರಲಿಲ್ಲ ಎನ್ನುತ್ತೀಯ. ಸರಿ, ನನಗೆ ಬೇಕಿತ್ತು.

ಇಷ್ಟೆಲ್ಲ ಬರೆದದ್ದು ಒಂದು ಮಾತಿಗಾಗಿ. ಹಳೆಯದು, ಹೊಸದು ಎಂದು ಎರಡು ರಾಶಿ ಮಾಡಬೇಡ. ಯಾರ ಕಥೆ ಹೇಳುತ್ತಿದ್ದಾರೋ ಅವರನ್ನು ಕೂತು ನೋಡಿದ್ದಾರೆಯೇ, ಅದನ್ನು ಕೇಳು. ಆ ಊರಿನಲ್ಲಿ ಹುಟ್ಟಿದವರೇ ಆಗಬೇಕಿಲ್ಲ. ಪುಟ್ಟಣ್ಣ ದುರ್ಗದವರಲ್ಲ. ಇನ್ನೊಂದು ಉದಾಹರಣೆ ನಿನ್ನ ಮನೆಗೇ ಸಂಬಂಧಪಟ್ಟದ್ದು. ಪ್ರಿಯದರ್ಶನ್ ಎಂಬ ಮಲೆಯಾಳದ ನಿರ್ದೇಶಕರು ತಮಿಳಿನಲ್ಲಿ ‘ಕಾಂಚೀವರಂ’ ಎಂಬ ಚಿತ್ರ ಮಾಡಿದರು. ನಮ್ಮ ಪ್ರಕಾಶ್ ರೈ ಅದರಲ್ಲಿ ನೇಕಾರ. ಶ್ರೇಷ್ಠ ಚಿತ್ರ, ಶ್ರೇಷ್ಠ ನಟ ಎರಡೂ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದವು. ಮಗಳನ್ನು ರೇಷ್ಮೆ ಸೀರೆಯಲ್ಲಿ ಮದುವೆ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟವನು, ದಿನವೂ ಒಂದಿಷ್ಟು ರೇಷ್ಮೆ ಎಳೆಯನ್ನು ಬಾಯಲ್ಲಿ ಬಚ್ಚಿಟ್ಟುಕೊಂಡು ಮನೆಗೆ ತರುತ್ತಾನೆ. ರಾತ್ರಿ ಗುಟ್ಟಾಗಿ ನೇಯುತ್ತಾನೆ.

ಅದನ್ನು ನೋಡಿದ ದಿನ ನಾನು ನಿಮ್ಮಜ್ಜನನ್ನು ನೆನೆದೆ. ಸಾಹುಕಾರರು ರೇಷ್ಮೆಯನ್ನು ತೂಕ ಮಾಡಿ ಕೊಡುತ್ತಿದ್ದರು, ನೇಯ್ದ ಸೀರೆಯನ್ನು ಮತ್ತೆ ತೂಕ ಮಾಡಿ ಇಸಕೊಳ್ಳುತ್ತಿದ್ದರು. ತೂಕ ಕಡಿಮೆ ಬಂದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಊರಿನ ಹೆಸರನ್ನು ಮದುವೆ ಮನೆಗಳಿಗೆ ಹಂಚಿದ ಮನೆಯ ಹೆಣ್ಣುಮಕ್ಕಳು ನಾವು. ನಮ್ಮ ಮದುವೆಗೆ ಬಂದದ್ದು ಹತ್ತಿಯ ಸೀರೆ. ಮೊಳಕಾಲ್ಮುರು ಸೀರೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ದಿನವೆಲ್ಲ ಕೂತು ನೇಯುವವರ ಮೊಳಕಾಲು, ಬೆನ್ನು ಏನಾಗಿದೆ ಎಂದು ಯಾವ ಮಾನ್ಯತೆಯಲ್ಲೂ ಬರೆದಿಲ್ಲ. ಕಂಚಿಯ ನೇಕಾರನ ಕಥೆಯನ್ನು ಕೇರಳದವರೊಬ್ಬರು ಹೇಳಬಹುದಾದರೆ, ನಿನ್ನ ಅಪ್ಪನ ಕಥೆಯನ್ನು ಹೇಳಲು ನಿನಗೇನು ಅಡ್ಡಿ?

ನಾನು ನೋಡಿದ ಅಷ್ಟು ಚಿತ್ರಗಳಲ್ಲಿ ದುರ್ಗದ ಕೋಟೆ ಕಂಡಿದ್ದೇನೆ, ಅದರಾಚೆಗಿನ ನಮ್ಮ ಬಯಲನ್ನು ಕಂಡಿಲ್ಲ. ಕಥೆಗಳಿಗೆ ಬರವೇ? ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದಿತು. ದನ ಕುರಿ ಮೇಯಿಸುತ್ತಿದ್ದವರು ಹಸಿರು ನ್ಯಾಯಮಂಡಳಿಯ ತನಕ ಹೋದರು. ದೇಶಕ್ಕೆ ವಿಜ್ಞಾನವೂ ಬೇಕು, ಕುರಿಗೆ ಹುಲ್ಲೂ ಬೇಕು. ಯಾರನ್ನು ಖಳನಾಯಕ ಮಾಡುತ್ತೀಯ? ಅದು ‘ಕಾಂತಾರ’ಕ್ಕಿಂತ ಕಷ್ಟದ ಕಥೆ. ಮ್ಯಾಸನಾಯಕರ ದೇವರ ಎತ್ತುಗಳಿವೆ. ಅವುಗಳನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಬರದಲ್ಲಿ ಮೇವಿಲ್ಲದಾಗ ಅವನ್ನು ಸಾಕುವ ಕಿಲಾರಿಯ ಪಾಡೇನು? ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ತಲೆಯಲ್ಲೇ ಇಟ್ಟುಕೊಂಡಿದ್ದವರು, ಓದು ಬರಹ ಇಲ್ಲದವರು. ಕೃಷ್ಣಮೂರ್ತಿ ಹನೂರರು ಕೂತು ಬರೆದುಕೊಳ್ಳದಿದ್ದರೆ ಅವು ಅಜ್ಜಿಯ ಜೊತೆಯೇ ಹೋಗುತ್ತಿದ್ದವು. ಇಷ್ಟು ಇಟ್ಟುಕೊಂಡು ನೀವು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಕೊಲೆಯ ಕಥೆ ಹೆಣೆಯುತ್ತಿದ್ದೀರಂತೆ. ಹೆಣೆಯಿರಿ, ಬೇಡ ಎನ್ನುವುದಿಲ್ಲ. ಆ ಕೊಲೆ ನಿಮಗೆ ಗೊತ್ತಿರುವ ಓಣಿಯಲ್ಲಾದರೂ ಆಗಲಿ.

ಅಪ್ಪನ ಚಿತ್ರ ಮಾಡು ಎಂದರೆ ಅಪ್ಪನನ್ನು ಹೊಗಳು ಎಂದಲ್ಲ. ಬಡತನವನ್ನು ಚೆಂದದ ಬೆಳಕಿನಲ್ಲಿ ತೋರಿಸಿ ಅಳಿಸು ಎಂದೂ ಅಲ್ಲ. ಚಾಮಯ್ಯ ಮೇಷ್ಟ್ರನ್ನು ಪುಟ್ಟಣ್ಣ ತೋರಿಸಿದ ಹಾಗೆ ತೋರಿಸು: ಪ್ರೀತಿಯೂ ಕಾಣಲಿ, ಲೋಪವೂ ಕಾಣಲಿ. ಅಪ್ಪನ ಸಿಟ್ಟು ನಿನಗೆ ಗೊತ್ತು, ಅವನ ಜಿಪುಣತನ ನನಗೆ ಗೊತ್ತು. ಮಗ್ಗಕ್ಕೆ ನಿನ್ನನ್ನು ಕೂರಿಸಬಾರದೆಂದು ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ. ಈಗ ತನ್ನ ಮಗ್ಗ ತನ್ನ ಕಾಲಕ್ಕೇ ಮುಗಿಯುತ್ತದೆಂದು ಒಳಗೊಳಗೇ ಕೊರಗುತ್ತಾನೆ. ಎರಡೂ ನಿಜ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿದರೆ ನೀನು ಗೆದ್ದೆ.

ಆದ್ದರಿಂದ ಹತ್ತು ಸಿನಿಮಾ ಬೇಡ, ಎರಡು ಸಾಕು. ‘ನಾಗರಹಾವು’, ‘ಕಾಂಚೀವರಂ’. ಎರಡನ್ನೂ ಅವು ಓಡುವ ವೇಗದಲ್ಲೇ ನೋಡು. ಆಮೇಲೆ ರಜೆ ಹಾಕಿ ಮನೆಗೆ ಬಾ. ಬಸ್ಸಿನಲ್ಲಿ ತಳುಕು ಬಂದಾಗ ಎದ್ದಿರು. ಮೊಳಕಾಲ್ಮುರಿಗೆ ಹೋಗಿ, ಕ್ಯಾಮೆರಾ ತೆಗೆಯದೆ, ಬೆಳಗಿನಿಂದ ಸಂಜೆಯ ತನಕ ಅಪ್ಪನ ಮಗ್ಗದ ಪಕ್ಕ ಕೂತು ನೋಡು. ಏನು ಕಂಡೆ ಎಂದು ನನಗೆ ಕಾಗದ ಬರೆ. ಕಥೆ ಆಮೇಲೆ ಬರೆದರಾಯಿತು.

ಇಂತಿ ನಿನ್ನ ಪ್ರೀತಿಯ
ಅತ್ತೆ